ಬೆಕ್ಕನ್ನೇ ಕಾಣದ ಇಲಿಗೆ ಬೆಕ್ಕಿನ ಭಯ ಎಲ್ಲಿಂದ ಬಂತು?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ನಾನು ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ, ಪ್ರಾಣಿಶಾಸ್ತ್ರ ನನ್ನ ವಿಷಯ. ನಮ್ಮ ಗೋದಾಮಿನಲ್ಲಿ ಇಲಿಗಳ ಕಾಟ ಹೆಚ್ಚು. ಒಮ್ಮೆ ಪಾಷಾಣ ತಿಂದು ಬದುಕಿಕೊಂಡ ಇಲಿ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಇದು ಅನುಭವದಿಂದ ಕಲಿತದ್ದು ಎಂದು ಅರ್ಥವಾಗುತ್ತದೆ. ಆದರೆ ಪ್ರಯೋಗಾಲಯದಲ್ಲಿಯೇ ಹುಟ್ಟಿ ಬೆಳೆದ, ಬೆಕ್ಕನ್ನು ಕಂಡೇ ಇರದ ಇಲಿ ಕೂಡ ಬೆಕ್ಕಿನ ವಾಸನೆಗೆ ಹೆದರುತ್ತದೆ ಎಂದು ನಮ್ಮ ಉಪನ್ಯಾಸಕರು ಹೇಳಿದರು. ಪಠ್ಯಪುಸ್ತಕದಲ್ಲಿ ಮಿದುಳಿನ ಒಂದು ಭಾಗದ ಬಗ್ಗೆ ‘ಅಮಿಗ್ಡಲಾ ಭಯದ ಕೇಂದ್ರ’ ಎಂಬ ಒಂದೇ ಸಾಲಿದೆ. ಎರಡೂ ಭಯಗಳು ಒಂದೇ ಜಾಗದಿಂದ ಬರುತ್ತವೆಯೇ? ಹುಟ್ಟಿನಿಂದ ಬಂದ ಭಯ ಅಳಿಯಲು ಸಾಧ್ಯವೇ, ಅಥವಾ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯೇ ನಿಜವೇ? ಪಾಷಾಣ ಇಡುವ ಮಾತನ್ನು ಗಟ್ಟಿಯಾಗಿ ಆಡಿದರೆ ಇಲಿಗಳಿಗೆ ತಿಳಿದುಬಿಡುತ್ತದೆ ಎನ್ನುತ್ತಾರೆ ನಮ್ಮ ಅಜ್ಜಿ. ಬೆಕ್ಕು ಮಲಗಿದ ಗೋಣಿಚೀಲವನ್ನು ಗೋದಾಮಿನಲ್ಲಿ ಇಟ್ಟರೆ ಪ್ರಯೋಜನವಾದೀತೇ?

ಉತ್ತರ: ಮೊದಲು ಆ ಪಠ್ಯಪುಸ್ತಕದ ಸಾಲನ್ನು ನೋಡೋಣ. ಅದು ಪೂರ್ತಿ ಸುಳ್ಳಲ್ಲ. ಆದರೆ ಅದನ್ನೇ ಹಿಡಿದುಕೊಂಡರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಇಲಿಯ ಮಿದುಳಿನಲ್ಲಿ ಭಯಕ್ಕೆಂದು ಒಂದೇ ಕೇಂದ್ರವಿಲ್ಲ. ಅಪಾಯ ಯಾವ ಬಗೆಯದು ಎಂಬುದರ ಮೇಲೆ ಸುದ್ದಿ ಒಳಬರುವ ದಾರಿಗಳು ಬೇರೆಯಾಗುತ್ತವೆ. ದೇಹಕ್ಕೆ ಅಪ್ಪಣೆ ಹೊರಡುವ ದಾರಿ ಮಾತ್ರ ಬಹುಮಟ್ಟಿಗೆ ಒಂದೇ. ನಿಮ್ಮ ಕಡೆಯ ರಸ್ತೆಗಳನ್ನೇ ನೆನೆದುಕೊಳ್ಳಿ. ಕಳಸದ ಕಡೆಯಿಂದ ಬರುವವರೂ ಮೂಡಿಗೆರೆಯಿಂದ ಬರುವವರೂ ಕೊಟ್ಟಿಗೆಹಾರದಲ್ಲಿ ಕೂಡಿಕೊಂಡು ಒಂದೇ ಚಾರ್ಮಾಡಿ ಘಾಟಿಯನ್ನು ಇಳಿಯುತ್ತಾರೆ. ಉಜಿರೆಯಲ್ಲಿ ನಿಂತು ನೋಡುವವರಿಗೆ ಯಾವ ವಾಹನ ಎಲ್ಲಿಂದ ಹೊರಟಿತ್ತು ಎಂದು ತಿಳಿಯದು. ಇಲಿ ಅಲುಗಾಡದೆ ಕುಳಿತದ್ದನ್ನು ಮಾತ್ರ ನೋಡಿ ‘ಇದು ಭಯ’ ಎಂದು ಬರೆದುಕೊಂಡ ವಿಜ್ಞಾನಿಗಳ ಸ್ಥಿತಿಯೂ ಬಹುಕಾಲ ಹಾಗೆಯೇ ಇತ್ತು.

‘ಇಲಿ ಹೆದರಿತು’ ಎಂದಾಗ ನಾವು ಅಳೆಯುವುದು ಅದರ ನಡವಳಿಕೆಯನ್ನು: ಉಸಿರಾಟದ ಹೊರತು ಬೇರಾವ ಚಲನೆಯೂ ಇಲ್ಲದೆ ಸ್ತಬ್ಧವಾಗುವುದು, ಓಡಿ ಅಡಗುವುದು, ಮೂಲೆಗೆ ಸಿಕ್ಕಿದಾಗ ತಿರುಗಿ ಬೀಳುವುದು, ರಕ್ತದೊತ್ತಡ ಏರುವುದು. ಇಲಿಯ ಒಳಗೆ ನಮಗಾಗುವಂಥ ದಿಗಿಲು ಆಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಈ ಕ್ಷೇತ್ರದ ಹಿರಿಯರಾದ ಜೋಸೆಫ್ ಲೆಡೂ ಅವರು ಕೂಡ ಆಮೇಲಿನ ವರ್ಷಗಳಲ್ಲಿ, ಅಪಾಯಕ್ಕೆ ದೇಹ ಸ್ಪಂದಿಸುವ ವ್ಯವಸ್ಥೆಯೇ ಬೇರೆ, ಭಯವೆಂಬ ಅನುಭವವೇ ಬೇರೆ ಎಂದು ಒತ್ತಿ ಹೇಳಿದರು. ಈ ಎಚ್ಚರ ಇರಲಿ. ಮುಂದೆ ನಾನು ‘ಭಯ’ ಎಂದಾಗಲೆಲ್ಲ ನಡವಳಿಕೆಯನ್ನೇ ಸೂಚಿಸುತ್ತಿದ್ದೇನೆ.

ಕಲಿತ ಭಯದಿಂದ ಆರಂಭಿಸುತ್ತೇನೆ, ಏಕೆಂದರೆ ನಮಗೆ ಹೆಚ್ಚು ತಿಳಿದಿರುವುದು ಅದರ ಬಗ್ಗೆಯೇ. ಪ್ರಯೋಗ ಬಹಳ ಸರಳ. ಪೆಟ್ಟಿಗೆಯಲ್ಲಿರುವ ಇಲಿಗೆ ಒಂದು ಸದ್ದು ಕೇಳಿಸುತ್ತಾರೆ. ಸದ್ದು ಮುಗಿಯುವ ಹೊತ್ತಿಗೆ ಪಾದಕ್ಕೆ ಸಣ್ಣ ವಿದ್ಯುತ್ ಆಘಾತ ಕೊಡುತ್ತಾರೆ. ಒಂದೆರಡು ಸಲ ಹೀಗಾದರೆ ಸಾಕು, ಮುಂದೆ ಬರಿಯ ಸದ್ದಿಗೇ ಇಲಿ ಸ್ತಬ್ಧವಾಗುತ್ತದೆ. (ನಮ್ಮ ದೇಶದಲ್ಲಿ ಇಂಥ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಅನುಮತಿ ಬೇಕೇ ಬೇಕು. ಬೇಕಾಗಿರಲೂಬೇಕು.) 1980ರ ದಶಕದಲ್ಲಿ ಲೆಡೂ ಮತ್ತು ಸಂಗಡಿಗರು ಸದ್ದಿನ ಸುದ್ದಿ ಸಾಗುವ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಹುಡುಕುತ್ತ ಹೋದರು. ಕಿವಿಯಿಂದ ಹೊರಟ ಸುದ್ದಿ ಮಿದುಳಿನೊಳಗಿನ ಥಲಾಮಸ್ ಎಂಬ ಭಾಗವನ್ನು ತಲುಪುತ್ತದೆ. ಅಲ್ಲಿಂದ ಒಂದು ಕವಲು ಮಿದುಳಿನ ಹೊರಪದರದಲ್ಲಿ ಸದ್ದನ್ನು ಗ್ರಹಿಸುವ ಶ್ರವಣ ಕಾರ್ಟೆಕ್ಸ್ ಬಳಸಿಕೊಂಡು ಅಮಿಗ್ಡಲಾಕ್ಕೆ ಬರುತ್ತದೆ, ಇನ್ನೊಂದು ನೇರವಾಗಿ ಅಮಿಗ್ಡಲಾಕ್ಕೇ ಹೋಗುತ್ತದೆ. ಕಾರ್ಟೆಕ್ಸನ್ನು ತೆಗೆದುಹಾಕಿದರೂ ಇಲಿ ಸರಳವಾದ ಸದ್ದಿಗೆ ಹೆದರಲು ಕಲಿಯಿತು. ಅಮಿಗ್ಡಲಾ ಹಾಳಾದಾಗ ಕಲಿಯಲಿಲ್ಲ.

ಅಮಿಗ್ಡಲಾ ಎಂದರೆ ಒಂದೇ ಮುದ್ದೆಯಲ್ಲ, ಹಲವು ನರಕೋಶ ಗುಂಪುಗಳ ಸಮೂಹ. ಅದರ ಪಾರ್ಶ್ವ ಭಾಗದಲ್ಲಿ ಸದ್ದಿನ ಸುದ್ದಿಯೂ ನೋವಿನ ಸುದ್ದಿಯೂ ಒಂದೇ ನರಕೋಶಗಳ ಮೇಲೆ ಬಂದು ಬೀಳುತ್ತವೆ. ಎರಡೂ ಒಟ್ಟೊಟ್ಟಿಗೆ ಬಂದಾಗ ಸದ್ದನ್ನು ತರುವ ಸಂಪರ್ಕಗಳು ಬಲಗೊಳ್ಳುತ್ತವೆ. ಮೊದಲು ನರಕೋಶವನ್ನು ಅಲುಗಿಸಲೂ ಆಗದಿದ್ದ ಸದ್ದು ಈಗ ಅದು ಸಂಕೇತ ಹೊರಡಿಸುವಂತೆ ಮಾಡುತ್ತದೆ. ಇಲಿಯ ಮಿದುಳಿನಲ್ಲಿ ಕಲಿಕೆ ಎಂದರೆ ಈ ಬದಲಾವಣೆಯೇ. ಇದು ಬರಿಯ ಊಹೆಯಾಗಿ ಉಳಿಯಲಿಲ್ಲ. 2014ರಲ್ಲಿ ರಾಬರ್ಟೊ ಮಾಲಿನೊ ಅವರ ತಂಡ ಸದ್ದಿನ ಬದಲು ಆ ನರತಂತುಗಳನ್ನೇ ಬೆಳಕಿನಿಂದ ಪ್ರಚೋದಿಸಿ, ಜೊತೆಗೆ ಆಘಾತ ಕೊಟ್ಟು, ಇಲಿಗಳಲ್ಲಿ ಭಯದ ನೆನಪನ್ನು ಮೂಡಿಸಿತು. ಆಮೇಲೆ ಬೆಳಕಿನ ಮಿಡಿತದ ವೇಗವನ್ನು ಬದಲಿಸಿ ಆ ಸಂಪರ್ಕಗಳನ್ನು ದುರ್ಬಲಗೊಳಿಸಿದಾಗ ನೆನಪು ಹೋಯಿತು. ಮತ್ತೆ ಬಲಪಡಿಸಿದಾಗ ನೆನಪು ಮರಳಿತು. ಒಂದು ನೆನಪನ್ನು ಅಳಿಸಿ ಮತ್ತೆ ಬರೆದಂತಾಯಿತು! ಈ ಪ್ರಯೋಗದ ಮಾತು ಬಂದಾಗಲೆಲ್ಲ ನನಗೆ ಈಗಲೂ ಮೈ ನವಿರೇಳುತ್ತದೆ.

ಇನ್ನೊಂದು ಸಂಗತಿ. ಆಘಾತ ಸಿಕ್ಕಿದ ಪೆಟ್ಟಿಗೆಗೆ ಮರಳಿ ಬಿಟ್ಟರೆ ಸದ್ದೇ ಇಲ್ಲದಿದ್ದರೂ ಇಲಿ ಹೆದರುತ್ತದೆ. ಅದು ಜಾಗವನ್ನೂ ನೆನಪಿಟ್ಟುಕೊಂಡಿರುತ್ತದೆ. ಇದಕ್ಕೆ ಅಮಿಗ್ಡಲಾದ ಜೊತೆ ಹಿಪೊಕ್ಯಾಂಪಸ್ ಎಂಬ ಮಿದುಳಿನ ಇನ್ನೊಂದು ಭಾಗವೂ ಬೇಕು. 1992ರಲ್ಲಿ ಕಿಮ್ ಮತ್ತು ಫ್ಯಾನ್ಸೆಲೊ ಇದನ್ನು ಅಂದವಾಗಿ ತೋರಿಸಿದರು. ಕಲಿತ ಮರುದಿನವೇ ಹಿಪೊಕ್ಯಾಂಪಸ್ ಹಾಳಾದರೆ ಜಾಗದ ಭಯ ಅಳಿಯಿತು, ಸದ್ದಿನ ಭಯ ಉಳಿಯಿತು. 28 ದಿನ ಕಾದು ಹಾಳುಮಾಡಿದರೆ ಜಾಗದ ಭಯವೂ ಉಳಿಯಿತು. ಅಷ್ಟರೊಳಗೆ ಆ ನೆನಪು ಹಿಪೊಕ್ಯಾಂಪಸ್ಸಿನ ಆಸರೆಯಿಲ್ಲದೆ ನಿಲ್ಲುವಷ್ಟು ಗಟ್ಟಿಯಾಗಿತ್ತು.

ಇನ್ನು ಬೆಕ್ಕಿನ ವಿಷಯ. ನಿಮ್ಮ ಉಪನ್ಯಾಸಕರು ಹೇಳಿದ್ದು ಸರಿ. ಪ್ರಯೋಗಾಲಯದ ಇಲಿಗಳು ಎಷ್ಟೋ ತಲೆಮಾರುಗಳಿಂದ ಬೆಕ್ಕನ್ನು ಕಂಡಿಲ್ಲ. ಆದರೂ ಬೆಕ್ಕಿನ ಕೊರಳಲ್ಲಿ ಕೆಲವು ದಿನ ಕಟ್ಟಿದ್ದ ಬಟ್ಟೆಯ ಪಟ್ಟಿಯನ್ನು ಪಂಜರದಲ್ಲಿಟ್ಟರೆ ಅವು ಅಡಗುತಾಣ ಸೇರಿ, ತಲೆಯನ್ನಷ್ಟೇ ಹೊರಗೆ ಚಾಚಿ ನೋಡುತ್ತ ಕೂರುತ್ತವೆ. ಇಂಥ ಭಯಕ್ಕೂ ಅಮಿಗ್ಡಲಾ ಬೇಕೇ? ಹವಾಯಿಯ ಬ್ಲಾಂಚರ್ಡ್ ದಂಪತಿ 1972ರಲ್ಲಿಯೇ ಈ ಪ್ರಶ್ನೆ ಕೇಳಿದ್ದರು. ಅಮಿಗ್ಡಲಾಕ್ಕೆ ಹಾನಿಯಾದ ಇಲಿಗಳು ಮಂಪರಿನಲ್ಲಿದ್ದ ಬೆಕ್ಕಿನ ಬಳಿಗೇ ಅಂಜಿಕೆಯಿಲ್ಲದೆ ಹೋದವು. ಆಘಾತದಿಂದ ಕಲಿತ ಭಯವೂ ಅವುಗಳಲ್ಲಿ ಕುಗ್ಗಿತ್ತು. ಹಾಗಾದರೆ ಎರಡಕ್ಕೂ ಒಂದೇ ಜಾಗ ಎಂದಾಯಿತಲ್ಲವೇ? ಬಹಳ ಜನ ಹಾಗೆಯೇ ತಿಳಿದರು. ಆದರೆ ಆ ಕಾಲದ ವಿಧಾನದಲ್ಲಿ ಹಾನಿ ದೊಡ್ಡ ಪ್ರದೇಶಕ್ಕೆ ಹರಡುತ್ತಿತ್ತು. ಅಮಿಗ್ಡಲಾದ ಯಾವ ಗುಂಪು ಯಾವ ಕೆಲಸಕ್ಕೆ ಎಂದು ಬಿಡಿಸಿ ನೋಡಲು ಆಗುತ್ತಿರಲಿಲ್ಲ.

ಮುಂದಿನ ದಶಕಗಳಲ್ಲಿ ಬಿಡಿಸಿ ನೋಡಿದಾಗ ಚಿತ್ರವೇ ಬೇರೆಯಾಯಿತು. ಬೆಕ್ಕಿನ ವಾಸನೆ ಅಮಿಗ್ಡಲಾವನ್ನು ಮುಟ್ಟುವುದೇನೋ ನಿಜ. ಆದರೆ ಮುಖ್ಯವಾಗಿ ಮುಟ್ಟುವುದು ಅದರ ಮಧ್ಯ ಭಾಗವನ್ನು, ಸದ್ದು ಮತ್ತು ನೋವು ಕೂಡುವ ಪಾರ್ಶ್ವ ಭಾಗವನ್ನಲ್ಲ. ಮೂಗಿನ ತಳದಲ್ಲಿರುವ ವೊಮೆರೊನೇಸಲ್ ಅಂಗವೆಂಬ ಎರಡನೆಯ ಘ್ರಾಣ ವ್ಯವಸ್ಥೆಯ ಸುದ್ದಿ ಬಂದು ಸೇರುವುದು ಇಲ್ಲಿಗೇ. 2010ರಲ್ಲಿ ಲಿಸಾ ಸ್ಟೋವರ್ಸ್ ಅವರ ತಂಡವು ಸುಂಡಿಲಿಗಳಲ್ಲಿ (ಇಂಗ್ಲಿಷಿನ ‘ಮೌಸ್’) ಈ ಅಂಗ ಬೆಕ್ಕಿನಂಥ ಬೇಟೆಗಾರ ಪ್ರಾಣಿಗಳ ಮೈಯಿಂದ ಬರುವ ಒಂದು ಬಗೆಯ ಪ್ರೋಟೀನುಗಳನ್ನು ಗುರುತಿಸುತ್ತದೆ ಎಂದು ತೋರಿಸಿತು. ಇಲಿಯ ಪಾಲಿಗೆ ಬೆಕ್ಕು ಎಂಬುದು ಮೊದಲಿಗೆ ಒಂದು ಪ್ರೋಟೀನ್. ಕಣ್ಣು, ಮೀಸೆ, ಬಾಲ ಎಲ್ಲ ಆಮೇಲೆ.

ಅಮಿಗ್ಡಲಾದ ಈ ಮಧ್ಯ ಭಾಗದಿಂದ ಸುದ್ದಿ ಇಳಿಯುವುದು ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ಸಿಗೆ. ಅಲ್ಲಿ ಮೂರು ನರಕೋಶ ಗುಂಪುಗಳು ಸೇರಿಕೊಂಡು ಬೇಟೆಗಾರ ಪ್ರಾಣಿಯಿಂದ ಪಾರಾಗುವ ಒಂದು ವ್ಯವಸ್ಥೆ ಇದೆ. ಇದರಲ್ಲಿ ಬಹಳ ಮುಖ್ಯವಾದದ್ದು ತೀರ ಹಿಂಭಾಗದ ಪುಟ್ಟ ಗುಂಪು, ಹೆಸರು ಡಾರ್ಸಲ್ ಪ್ರಿಮ್ಯಾಮಿಲರಿ ನ್ಯೂಕ್ಲಿಯಸ್. ಬ್ರೆಜಿಲಿನ ನ್ಯೂಟನ್ ಕಾಂಟೆರಾಸ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅದೊಂದೇ ಗುಂಪು ಹಾಳಾದ ಇಲಿಗಳು ಎದುರಿಗೆ ಬೆಕ್ಕು ಇದ್ದರೂ ಸ್ತಬ್ಧವಾಗಲಿಲ್ಲ, ಓಡಲೂ ಇಲ್ಲ. 2003ರಲ್ಲಿ ಬ್ಲಾಂಚರ್ಡ್ ತಂಡ ಕಂಡುಕೊಂಡದ್ದು ಇನ್ನೂ ಸ್ವಾರಸ್ಯಕರವಾಗಿದೆ. ಅದೇ ಹಾನಿಯಾದ ಇಲಿಗಳು ಪಾದಕ್ಕೆ ಆಘಾತ ಸಿಕ್ಕಿದ ಮೇಲೆ ಮಾತ್ರ ಎಂದಿನಂತೆ ಸ್ತಬ್ಧವಾಗುತ್ತಿದ್ದವು. ಅಂದರೆ ಸ್ತಬ್ಧವಾಗುವ ಶಕ್ತಿ ಅವುಗಳಲ್ಲಿ ಇತ್ತು. ಬೆಕ್ಕಿನಿಂದ ಅಲ್ಲಿಗೆ ಬರುವ ದಾರಿ ಮಾತ್ರ ಮುಚ್ಚಿಹೋಗಿತ್ತು.

ಇದರ ಇನ್ನೊಂದು ಮಗ್ಗುಲನ್ನು 2001ರಲ್ಲಿ ವ್ಯಾಲೇಸ್ ಮತ್ತು ರೋಸನ್ ತೋರಿಸಿದರು. ಪಾರ್ಶ್ವ ಅಮಿಗ್ಡಲಾದ ನರಕೋಶಗಳನ್ನಷ್ಟೇ ಹಾಳುಮಾಡಿದಾಗ ಕಲಿತ ಭಯ ಕುಗ್ಗಿತು, ಆದರೆ ನರಿಯ ಮಲದಲ್ಲಿರುವ ಟಿಎಂಟಿ ಎಂಬ ರಾಸಾಯನಿಕದ ವಾಸನೆಗೆ ಇಲಿ ಹೆದರುವುದು ನಿಲ್ಲಲಿಲ್ಲ. ನರಿಯ ಈ ವಾಸನೆಗೆ ಬೇಕಾದದ್ದು ಅಮಿಗ್ಡಲಾದ ನೆರೆಯಲ್ಲಿರುವ ‘ಸ್ಟ್ರಿಯಾ ಟರ್ಮಿನಾಲಿಸ್‌ನ ತಳ ನ್ಯೂಕ್ಲಿಯಸ್’ ಎಂಬ ಭಾಗ ಎಂದು ಜರ್ಮನಿಯ ಮಾರ್ಕುಸ್ ಫೆಂಡ್ಟ್ 2003ರಲ್ಲಿ ಕಂಡುಕೊಂಡರು. ಗಮನಿಸಿ, ಬೆಕ್ಕಿನ ಭಯವೂ ನರಿಯ ವಾಸನೆಯ ಭಯವೂ ಹುಟ್ಟಿನಿಂದ ಬಂದವೇ. ಆದರೂ ಅವುಗಳ ದಾರಿಗಳು ಒಂದೇ ಅಲ್ಲ. ಹಾಗಾಗಿ ‘ಕಲಿತ ಭಯಕ್ಕೆ ಒಂದು ಜಾಗ, ಹುಟ್ಟಿನ ಭಯಕ್ಕೆ ಇನ್ನೊಂದು ಜಾಗ’ ಎಂದು ಎರಡು ಪೆಟ್ಟಿಗೆ ಮಾಡಿಕೊಳ್ಳುವುದೂ ತಪ್ಪೇ.

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಬಹಳ ಸುಂದರವಾದ ಪ್ರಯೋಗ ಜಪಾನಿನ ಕೊಬಯಕಾವಾ ಮತ್ತು ಸಂಗಡಿಗರದ್ದು, 2007ರದ್ದು. ಅವರು ಸುಂಡಿಲಿಯ ಘ್ರಾಣ ಗಡ್ಡೆಯ (ಮೂಗಿನಿಂದ ವಾಸನೆಯ ಸುದ್ದಿ ಮೊದಲು ತಲುಪುವ ಮಿದುಳಿನ ಭಾಗ) ಮೇಲ್ಭಾಗಕ್ಕೆ ಸುದ್ದಿ ತರುವ ಕೋಶಗಳನ್ನು ವಂಶವಾಹಿ ತಂತ್ರದಿಂದ ಇಲ್ಲವಾಗಿಸಿದರು. ಆ ಸುಂಡಿಲಿಗಳಿಗೆ ನರಿಯ ವಾಸನೆ ಗೊತ್ತಾಗುತ್ತಿತ್ತು, ಬೇರೆ ವಾಸನೆಗಳಿಂದ ಅದನ್ನು ಬೇರ್ಪಡಿಸಿ ಗುರುತಿಸಲೂ ಬರುತ್ತಿತ್ತು. ಆದರೆ ಅದಕ್ಕೆ ಹೆದರುತ್ತಿರಲಿಲ್ಲ. ಆ ವಾಸನೆಯ ಜೊತೆ ಕೆಟ್ಟ ಅನುಭವವನ್ನು ಸೇರಿಸಿ ಕಲಿಸಿದಾಗ ಮಾತ್ರ ಹೆದರಲು ಕಲಿತವು. ಒಂದೇ ವಾಸನೆ, ಒಂದೇ ಮೂಗು, ಆದರೂ ಹುಟ್ಟಿನ ಭಯ ಹೋಗಿ ಕಲಿಯುವ ಶಕ್ತಿ ಉಳಿಯಿತು. ಎರಡು ಭಯಗಳು ಬೇರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ಗೊತ್ತಿಲ್ಲ. ಅದೇ ತಂಡ 2015ರಲ್ಲಿ, ಅಮಿಗ್ಡಲಾದ ಕೇಂದ್ರ ಭಾಗದ ಕೆಲವು ನರಕೋಶಗಳನ್ನು ಅಡಗಿಸಿದರೆ ಹುಟ್ಟಿನ ಭಯ ಏರಿ ಕಲಿತ ಭಯ ಇಳಿಯುತ್ತದೆ ಎಂದು ತೋರಿಸಿತು. ಎರಡೂ ಅಪಾಯಗಳು ಒಟ್ಟಿಗೆ ಎದುರಾದಾಗ ಯಾವುದಕ್ಕೆ ಮೊದಲ ಮಣೆ ಎಂದು ತೀರ್ಮಾನಿಸುವ ಏರ್ಪಾಡೂ ಮಿದುಳಿನಲ್ಲಿದೆ ಎಂದಾಯಿತು.

ದಾರಿಗಳು ಕೂಡುವುದು ನಡುಮಿದುಳಿನಲ್ಲಿ, ಪೆರಿಅಕ್ವಿಡಕ್ಟಲ್ ಗ್ರೇ ಎಂಬ ಬೂದು ಬಣ್ಣದ ಭಾಗದಲ್ಲಿ. ಅದರ ಕೆಳಪಕ್ಕದ ಭಾಗ ಇಲಿಯನ್ನು ಸ್ತಬ್ಧಗೊಳಿಸುತ್ತದೆ. ಮೇಲ್ಭಾಗವನ್ನು ಪ್ರಚೋದಿಸಿದರೆ ಇಲಿ ಎಗರಿ ಓಡುತ್ತದೆ. 1988ರಲ್ಲಿ ಲೆಡೂ ತೋರಿಸಿದಂತೆ ಈ ಬೂದು ಭಾಗ ಹಾಳಾದರೆ, ಕಲಿತ ಸದ್ದಿಗೆ ಇಲಿ ಸ್ತಬ್ಧವಾಗುವುದಿಲ್ಲ, ಆದರೆ ಅದರ ರಕ್ತದೊತ್ತಡ ಏರಿಯೇ ಏರುತ್ತದೆ. ಹೈಪೋಥಲಾಮಸ್ಸಿನ ಪಾರ್ಶ್ವ ಭಾಗ ಹಾಳಾದರೆ ಇದು ತಿರುವುಮುರುವಾಗುತ್ತದೆ. ನಡವಳಿಕೆಗೂ ಒಳಗಿನ ತಳಮಳಕ್ಕೂ ಅಪ್ಪಣೆಗಳು ಬೇರೆ ಬೇರೆಯಾಗಿ ಹೋಗುತ್ತವೆ.

ಇಷ್ಟು ಓದಿದ ಮೇಲೆ ಹುಟ್ಟಿನದು ಮತ್ತು ಕಲಿತದ್ದರ ನಡುವೆ ಗಟ್ಟಿ ಗೋಡೆ ಇದೆ ಎಂದುಕೊಳ್ಳಬೇಡಿ. ಕಲಿತ ಭಯ ಯಾವಾಗಲೂ ಹುಟ್ಟಿನಿಂದ ಬಂದ ಯಾವುದೋ ಒಂದರ ಬೆನ್ನೇರಿಯೇ ಬರುತ್ತದೆ. ಆಘಾತ ನೋಯುತ್ತದೆ ಎಂದು ಇಲಿಗೆ ಯಾರೂ ಕಲಿಸಬೇಕಾಗಿಲ್ಲ. ಆ ನೋವಿನ ಬಲದಿಂದಲೇ ಸದ್ದು ಭಯಾನಕವಾಗುತ್ತದೆ. ಬೆಕ್ಕಿನ ವಾಸನೆಯೂ ಹಾಗೆಯೇ ಗುರುವಾಗಬಲ್ಲದು. ಆಟವಾಡುತ್ತಿದ್ದ ಎಳೆಯ ಇಲಿಗಳ ಪಂಜರದಲ್ಲಿ ಯಾಕ್ ಪ್ಯಾಂಕ್‌ಸೆಪ್ ಅವರು ಒಂದಿಷ್ಟು ಬೆಕ್ಕಿನ ಕೂದಲನ್ನು ಇಟ್ಟರು. ಆಟ ನಿಂತುಹೋಯಿತು. ಕೂದಲನ್ನು ತೆಗೆದ ಮೇಲೂ ಅದೇ ಜಾಗದಲ್ಲಿ ಹಲವು ದಿನ ಆಟ ಮೊದಲಿನ ಹಾಗೆ ಸಾಗಲಿಲ್ಲ. ವಾಸನೆಯ ಭಯ ಹುಟ್ಟಿನದು, ಆ ಜಾಗದ ಭಯ ಕಲಿತದ್ದು. ಬೆಕ್ಕು ಕಂಡ ಜಾಗದ ಈ ನೆನಪಿಗೆ ಕಾಂಟೆರಾಸ್ ಗುರುತಿಸಿದ ಅದೇ ಪುಟ್ಟ ಗುಂಪು ಕೂಡ ಬೇಕಾಗುತ್ತದೆ ಎಂದು ಮುಂದೆ ತಿಳಿಯಿತು. ಕಲಿಕೆಯೂ ಅಪಾಯದ ಬಗೆಯನ್ನು ಅನುಸರಿಸಿ ತನ್ನ ದಾರಿಯನ್ನು ಆರಿಸಿಕೊಳ್ಳುತ್ತದೆ.

ಹುಟ್ಟಿನದೆಂದು ಕಾಣುವುದೆಲ್ಲ ಹುಟ್ಟಿನದೂ ಅಲ್ಲ. ಇಲಿಗಳು ಅಪಾಯದಲ್ಲಿ 22 ಕಿಲೋಹರ್ಟ್ಜ್ ಸುಮಾರಿನ ಕೂಗು ಹಾಕುತ್ತವೆ. ನಮ್ಮ ಕಿವಿ 20ರ ಆಚೆ ಕೇಳದು. ಈ ಕೂಗಿಗೆ ಎಲ್ಲ ಇಲಿಗಳೂ ಸಹಜವಾಗಿಯೇ ಹೆದರುತ್ತವೆ ಎಂದು ಭಾವಿಸಲಾಗಿತ್ತು. ಆದರೆ ಹಿಂದೆ ತಾವೇ ಆಘಾತ ಅನುಭವಿಸಿ, ನೋವಿನಲ್ಲಿ ತಮ್ಮದೇ ಕೂಗನ್ನು ಕೇಳಿಸಿಕೊಂಡ ಇಲಿಗಳೇ ಅದಕ್ಕೆ ಚೆನ್ನಾಗಿ ಸ್ತಬ್ಧವಾಗುತ್ತವೆ ಎಂದು ಆಮೇಲೆ ಗೊತ್ತಾಯಿತು. ತಾಯಿಯಿಂದಲೂ ಮರಿಗಳು ಕಲಿಯುತ್ತವೆ. ಪುದೀನದಂಥ ವಾಸನೆಗೆ ಹೆದರಲು ಕಲಿತಿದ್ದ ತಾಯಿಯ ಜೊತೆ ಆ ವಾಸನೆಯನ್ನು ಅನುಭವಿಸಿದ ಎಳೆಯ ಮರಿಗಳು ತಾವೂ ಅದಕ್ಕೆ ಹೆದರತೊಡಗಿದವು. ಡೆಬಿಯೆಕ್ ಮತ್ತು ರೆಜಿನಾ ಸಲಿವನ್ ಇದನ್ನು 2014ರಲ್ಲಿ ಪ್ರಕಟಿಸಿದರು. ನಿಮ್ಮ ಅಟ್ಟದ ಮೇಲಿನ ಇಲಿಯ ಯಾವ ಭಯ ಹುಟ್ಟಿನದು, ಯಾವುದು ತಾಯಿ ಕೊಟ್ಟದ್ದು ಎಂದು ಬರಿಗಣ್ಣಿನಿಂದ ನೋಡಿ ಹೇಳಲಾಗದು. ಪ್ರಯೋಗಾಲಯದ ಇಲಿಗಳ ಮಾತಿಗೆ ತೂಕ ಬರುವುದು ಇದರಿಂದಲೇ. ಅವುಗಳ ತಾಯಂದಿರೂ ಬೆಕ್ಕನ್ನು ಕಂಡವಲ್ಲ.

ಈಗ ಗಾದೆಯ ಪ್ರಶ್ನೆ. ಭಯ ಅಳಿಯುತ್ತದೆಯೇ?

ಕಲಿತ ಭಯವನ್ನು ತಣಿಸುವುದು ಸುಲಭ, ಅಳಿಸುವುದು ಕಷ್ಟ. ಆಘಾತವಿಲ್ಲದೆ ಬರಿಯ ಸದ್ದನ್ನೇ ಮತ್ತೆ ಮತ್ತೆ ಕೇಳಿಸಿದರೆ ಇಲಿ ಸ್ತಬ್ಧವಾಗುವುದನ್ನು ಬಿಡುತ್ತದೆ. ಆದರೆ ಹಳೆಯ ನೆನಪು ಅಲ್ಲೇ ಇರುತ್ತದೆ. ‘ಈಗ, ಇಲ್ಲಿ, ಈ ಸದ್ದಿನಿಂದ ಅಪಾಯವಿಲ್ಲ’ ಎಂಬ ಹೊಸ ಪಾಠ ಅದರ ಮೇಲೆ ಕೂರುತ್ತದೆ, ಅಷ್ಟೇ. ಕೆಲ ದಿನ ಬಿಟ್ಟರೆ ಅಥವಾ ಬೇರೆ ಪೆಟ್ಟಿಗೆಗೆ ಹಾಕಿದರೆ ಭಯ ಮರಳುತ್ತದೆ. ಈ ಹೊಸ ಪಾಠವನ್ನು ಕಾಯ್ದುಕೊಳ್ಳಲು ಮುಂಮಿದುಳಿನ ಇನ್‌ಫ್ರಾಲಿಂಬಿಕ್ ಕಾರ್ಟೆಕ್ಸ್ ಬೇಕು ಎಂದು 2002ರಲ್ಲಿ ಮಿಲಾಡ್ ಮತ್ತು ಕ್ವಿರ್ಕ್ ಇಲಿಗಳಲ್ಲಿ ತೋರಿಸಿದರು. ಭಯದ ಕಾಯಿಲೆಗಳಿಗೆ ಮನುಷ್ಯರಲ್ಲಿ ಕೊಡುವ ಒಂದು ಮುಖ್ಯ ಚಿಕಿತ್ಸೆ, ಅಂದರೆ ಹೆದರಿಕೆಯ ವಸ್ತುವನ್ನು ಹಂತಹಂತವಾಗಿ ಎದುರಿಸುವುದು, ಇದೇ ತತ್ತ್ವದ ಮೇಲೆ ನಿಂತಿದೆ. ಆ ಚಿಕಿತ್ಸೆಯಿಂದ ಚೇತರಿಸಿಕೊಂಡವರಿಗೆ ಕೆಲವೊಮ್ಮೆ ಭಯ ಮರಳಿದರೆ ಅದು ಅವರ ದೌರ್ಬಲ್ಯವಲ್ಲ, ಮಿದುಳು ಇರುವುದೇ ಹಾಗೆ ಎಂದು ಎಲ್ಲರಿಗೂ ಗೊತ್ತಾಗಬೇಕು ಎಂಬುದು ನನ್ನ ಆಸೆ.

ಹುಟ್ಟಿನ ಭಯ ಗಾದೆ ಹೇಳುವಷ್ಟು ಗಟ್ಟಿಯಲ್ಲ. ಬೆಕ್ಕಿನ ಪಟ್ಟಿಯನ್ನು ದಿನವೂ ಇಟ್ಟು, ಬೆಕ್ಕು ಮಾತ್ರ ಬಾರದೇ ಹೋದರೆ ಇಲಿಯ ಅಂಜಿಕೆ ಇಳಿಯುತ್ತ ಹೋಗುತ್ತದೆ. ಜೀವಂತ ಬೆಕ್ಕು ಎದುರಿಗಿದ್ದರೆ ಅಷ್ಟು ಸುಲಭವಾಗಿ ಇಳಿಯದು. ಇದಕ್ಕಿಂತ ವಿಚಿತ್ರವಾದದ್ದು ಟಾಕ್ಸೊಪ್ಲಾಸ್ಮಾ ಎಂಬ ಏಕಕೋಶ ಪರಾವಲಂಬಿಯ ಕತೆ. ಇದು ಲೈಂಗಿಕವಾಗಿ ಸಂತಾನ ಬೆಳೆಸುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಇಲಿಯೊಳಗೆ ಸೇರಿದಾಗ ಅದು ಇಲಿಗೆ ಬೆಕ್ಕಿನ ವಾಸನೆಯ ಅಂಜಿಕೆಯನ್ನೇ ಇಲ್ಲವಾಗಿಸುತ್ತದೆ. 2000ದಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಇದನ್ನು ವರದಿ ಮಾಡಿದರು. ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು 2007ರಲ್ಲಿ ಅಜಯ್ ವ್ಯಾಸ್, ರಾಬರ್ಟ್ ಸಪೋಲ್ಸ್ಕಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ. ಸೋಂಕು ತಗುಲಿದ ಇಲಿಗಳಲ್ಲಿ ಬೆಕ್ಕಿನ ವಾಸನೆಯ ಭಯ ಹೋಗಿತ್ತು. ಆದರೆ ಆಘಾತದಿಂದ ಕಲಿಯುವ ಭಯ ಹಾಗೇ ಇತ್ತು, ವಾಸನೆ ತಿಳಿಯುವ ಶಕ್ತಿಯೂ ಇತ್ತು. ಪ್ರಯೋಗಾಲಯದ ಚೂರಿ ಮಾಡಿ ತೋರಿಸಿದ್ದನ್ನು ಒಂದು ಸೂಕ್ಷ್ಮಜೀವಿ ತನ್ನ ಸ್ವಾರ್ಥಕ್ಕಾಗಿ ಎಂದಿನಿಂದಲೋ ಮಾಡಿಕೊಂಡು ಬಂದಿತ್ತು. (ಮನೆಯಲ್ಲಿ ಬೆಕ್ಕಿದ್ದು, ಗರ್ಭಿಣಿಯರು ಇದ್ದರೆ ಬೆಕ್ಕಿನ ಮಲವನ್ನು ಅವರು ಮುಟ್ಟದಿರಲಿ, ಮಣ್ಣಿನ ಕೆಲಸದ ನಂತರ ಕೈ ಚೆನ್ನಾಗಿ ತೊಳೆಯಲಿ. ಈ ಸೋಂಕು ಗರ್ಭದ ಶಿಶುವಿಗೆ ಅಪಾಯಕಾರಿ.)

ಅಜಯ್ ವ್ಯಾಸ್ ಅವರ ಹೆಸರು ಹೇಳಿದ್ದರಿಂದ ನಮ್ಮ ಬೆಂಗಳೂರಿನ ಕೆಲಸವನ್ನೂ ಹೇಳಲೇಬೇಕು. ಅವರು ಅದಕ್ಕೂ ಮೊದಲು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿಯವರ ಜೊತೆ ಸಂಶೋಧನೆ ಮಾಡುತ್ತಿದ್ದರು. 2002ರಲ್ಲಿ ಆ ತಂಡ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೂ ಸೇರಿ, ಒಂದು ಮುಖ್ಯ ಸಂಗತಿಯನ್ನು ಕಂಡುಕೊಂಡಿತು. ದಿನವೂ ಒತ್ತಡಕ್ಕೆ ಒಳಗಾದ ಇಲಿಗಳ ಹಿಪೊಕ್ಯಾಂಪಸ್ಸಿನಲ್ಲಿ ನರಕೋಶಗಳ ಕವಲುಗಳು ಸೊರಗಿದರೆ, ಅಮಿಗ್ಡಲಾದಲ್ಲಿ ಅವು ಹೆಚ್ಚು ಹರಡಿಕೊಂಡಿದ್ದವು. ಆಮೇಲೆ ಅದೇ ಗುಂಪು, ಒತ್ತಡ ನಿಂತು 21 ದಿನ ಕಳೆದಾಗ ಹಿಪೊಕ್ಯಾಂಪಸ್ ಚೇತರಿಸಿಕೊಂಡರೂ ಅಮಿಗ್ಡಲಾದ ಬೆಳವಣಿಗೆ ಹಿಂದೆ ಸರಿಯುವುದಿಲ್ಲ ಎಂದೂ ತೋರಿಸಿತು. ಭಯದ ಸಂಶೋಧನೆ ಎಂದರೆ ನ್ಯೂಯಾರ್ಕ್, ಟೋಕಿಯೊ ಎಂದಷ್ಟೇ ತಿಳಿಯಬೇಡಿ. ಮುಂದೆ ಈ ವಿಷಯವನ್ನೇ ಓದುವ ಮನಸ್ಸಿದ್ದರೆ ನಿಮ್ಮೂರಿನಿಂದ ಒಂದೇ ದಿನದ ಬಸ್ ಪ್ರಯಾಣದ ದೂರದಲ್ಲಿ ಅವಕಾಶವಿದೆ.

ಇನ್ನು ಪಾಷಾಣ. ಅದನ್ನು ಇಲಿ ಬಿಡುವುದು ಕಲಿಕೆಯಿಂದ ಎಂದಿರಿ, ಸರಿ. ಆದರೆ ಅದು ಭಯವಲ್ಲ, ಹೇಸಿಗೆ. 1966ರಲ್ಲಿ ಗಾರ್ಸಿಯಾ ಮತ್ತು ಕೋಲಿಂಗ್, ಇಲಿ ಹೊಟ್ಟೆ ಕೆಟ್ಟದ್ದನ್ನು ರುಚಿಯ ಜೊತೆ ಜೋಡಿಸುತ್ತದೆ, ಬೆಳಕು ಮತ್ತು ಸದ್ದಿನ ಜೊತೆ ಜೋಡಿಸುವುದಿಲ್ಲ ಎಂದು ತೋರಿಸಿದರು. ಪಾದದ ಆಘಾತವನ್ನಾದರೆ ಬೆಳಕು ಮತ್ತು ಸದ್ದಿನ ಜೊತೆ ಜೋಡಿಸುತ್ತದೆ, ರುಚಿಯ ಜೊತೆ ಇಲ್ಲ. ಏನನ್ನು ಏನರ ಜೊತೆ ಕಲಿಯಬೇಕು ಎಂಬುದೇ ಹುಟ್ಟಿನಿಂದ ಬಂದಿದೆ! ರುಚಿ ಮತ್ತು ಸಂಕಟದ ನಡುವೆ ಗಂಟೆಗಳೇ ಕಳೆದರೂ ಈ ಕಲಿಕೆ ಆಗುತ್ತದೆ. ಇದಕ್ಕೆ ಮಿದುಳಿನ ಕಾಂಡದ ಪ್ಯಾರಾಬ್ರೇಕಿಯಲ್ ಭಾಗವೂ ರುಚಿಯನ್ನು ಗ್ರಹಿಸುವ ಇನ್ಸುಲಾರ್ ಕಾರ್ಟೆಕ್ಸೂ ಬೇಕು. ಆ ರುಚಿ ಮತ್ತೆ ಬಾಯಿಗೆ ಬಿದ್ದಾಗ ಇಲಿ ಸ್ತಬ್ಧವಾಗುವುದಿಲ್ಲ, ಗಲ್ಲವನ್ನು ನೆಲಕ್ಕೆ ಒರೆಸಿಕೊಳ್ಳುತ್ತದೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಿ. ನುಂಗಿದ ವಿಷವನ್ನು ಹೊರಹಾಕಲಾಗದ ಪ್ರಾಣಿಗೆ ಈ ಎಚ್ಚರವೇ ರಕ್ಷೆ.

ನಿಮ್ಮ ಅಜ್ಜಿ ಕಂಡದ್ದು ನಿಜ: ಪಾಷಾಣ ಇಟ್ಟ ದಿನವೇ ಇಲಿಗಳು ದೂರ ಉಳಿಯುತ್ತವೆ. ಮಾತು ಕೇಳಿಸಿಕೊಂಡು ಹಾಗೆ ಮಾಡುವುದಿಲ್ಲ. ನಿತ್ಯದ ಓಡಾಟದ ದಾರಿಯಲ್ಲಿ ಹೊಸ ವಸ್ತು ಕಂಡರೆ ಅದರಿಂದ ಸರಿಯುವುದು, ಹೊಸ ಆಹಾರವಾದರೆ ಚೂರೇ ಚೂರು ತಿಂದು ನೋಡುವುದು ಇಲಿಯ ಸಹಜ ಸ್ವಭಾವ. ಒಂದು ಇಲಿಗೆ ಕಾಯಿಲೆಯಾದರೆ ಅದು ಉಳಿದವಕ್ಕೆ ಎಚ್ಚರಿಕೆ ಕೊಡುತ್ತದೆ ಎಂಬ ನಂಬಿಕೆಯೂ ಇದೆ. ಕೆನಡಾದ ಬೆನೆಟ್ ಗೇಲೆಫ್ ಇದನ್ನು ಪರೀಕ್ಷಿಸಿದರು. ಇಲಿಗಳು ಇನ್ನೊಂದು ಇಲಿಯ ಉಸಿರಿನ ವಾಸನೆಯಿಂದ ಯಾವ ಆಹಾರ ತಿನ್ನಬಹುದು ಎಂದು ಕಲಿಯುತ್ತವೆ. ಆದರೆ ಆ ಇಲಿ ಕಾಯಿಲೆ ಬಿದ್ದಿದ್ದರೂ ಆ ಆಹಾರ ಬೇಡ ಎಂದು ಕಲಿಯಲಿಲ್ಲ. ಜಿಂಕ್ ಫಾಸ್ಫೈಡ್ ಎಂಬ ಪಾಷಾಣ ಬಳಸುವಾಗ ಮೊದಲ ಒಂದೆರಡು ದಿನ ವಿಷವಿಲ್ಲದ ಕಾಳನ್ನೇ ಇಟ್ಟು ರೂಢಿ ಮಾಡಿಸಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಹೊಸತಿನ ಈ ಅಂಜಿಕೆಯ ಕಾರಣಕ್ಕೇ. ಬ್ರೊಮಾಡಿಯೊಲೋನ್ ಎಂಬ ಇನ್ನೊಂದು ಪಾಷಾಣ ಹಲವು ದಿನ ಕಳೆದ ಮೇಲೆ ಕೆಲಸ ಮಾಡುವುದರಿಂದ ಇಲಿಗೆ ತಿಂದದ್ದಕ್ಕೂ ಸಂಕಟಕ್ಕೂ ನಂಟು ಹೊಳೆಯುವುದಿಲ್ಲ. ಆದರೆ ಅದನ್ನು ತಿಂದು ಸತ್ತ ಇಲಿಯನ್ನು ಗೂಬೆಯೋ ನಿಮ್ಮ ಬೆಕ್ಕೋ ತಿಂದರೆ ಅವಕ್ಕೂ ವಿಷವೇರುತ್ತದೆ. ಬೆಕ್ಕು ಸಾಕಿದ ಮನೆಯಲ್ಲಿ ನಾನು ಅದನ್ನು ಇಡಿ ಎನ್ನುವುದಿಲ್ಲ.

ಬೆಕ್ಕು ಮಲಗಿದ ಗೋಣಿಚೀಲವನ್ನು ಇಟ್ಟರೆ ಮೊದಲು ಕೆಲ ದಿನ ಇಲಿಗಳು ಹಿಂಜರಿಯಬಹುದು. ಆಮೇಲೆ ವಾಸನೆ ಇದ್ದೂ ಬೆಕ್ಕು ಬರುವುದಿಲ್ಲ ಎಂದು ಕಲಿಯುತ್ತವೆ. ಅಂಗಡಿಯಲ್ಲಿ ಮಾರುವ, ನಮಗೆ ಕೇಳಿಸದ ಸದ್ದು ಹೊರಡಿಸುವ ಯಂತ್ರಗಳಿಗೂ ಅವು ಹೀಗೆಯೇ ಒಗ್ಗಿಹೋಗುತ್ತವೆ. ದುಡ್ಡು ಹಾಕುವುದಾದರೆ ಬಾಗಿಲಿನ ಕೆಳಗೆ ತಗಡು ಬಡಿಸಲು, ಅರ್ಧ ಇಂಚಿನ ಸಂದನ್ನೂ ಬಿಡದೆ ಮುಚ್ಚಲು, ಕಾಫಿ ಚೀಲಗಳನ್ನು ಗೋಡೆಯಿಂದ ದೂರ ಹಲಗೆಯ ಮೇಲೆ ಜೋಡಿಸಲು ಹಾಕಿ.

ಕಾಲೇಜಿನಲ್ಲಿ ಸಣ್ಣ ಅಧ್ಯಯನವೊಂದನ್ನು ಮಾಡಬೇಕೆಂದಿದ್ದರೆ, ಇಲಿಯನ್ನು ಹಿಡಿಯದೆಯೇ ಇದೇ ವಿಷಯದಲ್ಲಿ ಮಾಡಬಹುದು. ಕತ್ತಲಲ್ಲಿ ಚಿತ್ರ ತೆಗೆಯುವ ಕ್ಯಾಮೆರಾ ಒಂದನ್ನು ಗೋದಾಮಿನಲ್ಲಿಟ್ಟು, ಇಲಿಗಳ ದಾರಿಯಲ್ಲಿ ಒಂದು ಕಡೆ ತೊಳೆದ ಗೋಣಿತುಂಡನ್ನೂ ಇನ್ನೊಂದು ಕಡೆ ಬೆಕ್ಕು ಮಲಗಿದ ಗೋಣಿತುಂಡನ್ನೂ ಇಡಿ. ಎರಡೂ ಹೊಸ ವಸ್ತುಗಳೇ ಆದ್ದರಿಂದ ಹೊಸತಿನ ಅಂಜಿಕೆ ಎರಡಕ್ಕೂ ಸಮ. ಉಳಿದ ವ್ಯತ್ಯಾಸ ವಾಸನೆಯದು. ದಿನವೂ ಅವುಗಳ ಜಾಗವನ್ನು ಅದಲು ಬದಲು ಮಾಡಿ, ಇಲ್ಲದಿದ್ದರೆ ಜಾಗದ ಪರಿಣಾಮ ಯಾವುದು, ವಾಸನೆಯ ಪರಿಣಾಮ ಯಾವುದು ಎಂದು ತಿಳಿಯದು. ಬೆಕ್ಕಿನ ತುಂಡಿನ ಬಳಿ ಇಲಿಗಳು ಎಷ್ಟನೆಯ ರಾತ್ರಿ ಸಲೀಸಾಗಿ ಓಡಾಡುತ್ತವೆ ಎಂದು ಬರೆದಿಡಿ. ಗೋಣಿಯನ್ನು ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ.